ಕಿರುಹಡಗಿಗೆ ಬಳಿದ ನೆರಳು ಬೇಡ

ಪ್ಲಾಸ್ಟಿಕ್ ತುಣುಕುಗಳನ್ನು ಅಂಟಿಸಿ ಗೇಣುದ್ದದ ಯುದ್ಧನೌಕೆ ಕಟ್ಟುವ ಹವ್ಯಾಸಿಗಳ ನಡುವೆ ಒಂದು ನಂಬಿಕೆ ಎದುರು ಮಾತಿಲ್ಲದೆ ನಡೆದುಕೊಂಡು ಬಂದಿದೆ. ಒಂದೇ ಬಣ್ಣ ಬಳಿದು ಬಿಟ್ಟರೆ ಹಡಗು ಆಟಿಕೆಯಂತೆ ಕಾಣುತ್ತದಂತೆ. ನೆರಳು, ಬೆಳಕು ಎರಡನ್ನೂ ಬಣ್ಣದಲ್ಲೇ ತೋರಿಸಿದಾಗ ಮಾತ್ರ ಅದಕ್ಕೆ ಜೀವ ಬರುತ್ತದಂತೆ. ಕೆಲಸ ಕಲಿಯಲು ಬಂದ ಹುಡುಗರಿಗೆ ಮೊದಲ ಪಾಠವೇ ಇದು. ಅಸ್ತರಿ ಬಣ್ಣ ಒಣಗಿದ ಮೇಲೆ ತಗಡು ತಗಡಿನ ಸಂದಿಗೂ ಏರ್‌ಬ್ರಶ್‌ನಿಂದ ಕಪ್ಪು ಹೊಡೆಯಬೇಕು. ಅದರ ಮೇಲೆ ತೆಳ್ಳಗೆ ಬೂದು ಬಣ್ಣ. ಪ್ರತಿ ತಗಡಿನ ನಡುಭಾಗಕ್ಕೆ ಇನ್ನೂ ತಿಳಿಯಾದ ಬೂದು. ಆಮೇಲೆ ಗಾಢ ಕಂದು ಬಣ್ಣವನ್ನು ನೀರಿನಂತೆ ತೆಳುವಾಗಿಸಿ ಎಲ್ಲ ಮೂಲೆಗೂ ಹರಿಸುವ ‘ವಾಶ್’. ಅದೂ ಒಣಗಿದ ಮೇಲೆ ಕುಂಚದಲ್ಲಿ ಇದ್ದೂ ಇಲ್ಲದಷ್ಟು ಬಿಳಿ ಬಣ್ಣ ಇಟ್ಟುಕೊಂಡು ಅಂಚುಗಳ ಮೇಲೆ ಸವರುವ ‘ಡ್ರೈ ಬ್ರಶ್’. ಕೊನೆಗೆ ಒಡಲಿನ ತುಂಬ ತುಕ್ಕಿನ ಕಿತ್ತಳೆ ಗೆರೆ.

ಮೂವತ್ತೈದನೇ ಒಂದು ಅಳತೆಯ ಟ್ಯಾಂಕಿಗೆ ಇದರಲ್ಲಿ ಬಹುಪಾಲು ಒಪ್ಪುತ್ತದೆ. ಏಳುನೂರನೇ ಒಂದು ಅಳತೆಯ ಹಡಗಿಗೆ ಇದು ಅಂದಗೆಡಿಸುವ ಕೆಲಸ. ರುಚಿ ಬೇರೆ ಬೇರೆ, ಅವರವರ ಇಷ್ಟ ಎಂದು ಹೇಳಿ ಬಿಟ್ಟುಬಿಡುವ ಸಂಗತಿ ಇದಲ್ಲ. ಕಣ್ಣಿನ ಶಕ್ತಿ, ಬೆಳಕಿನ ನಡತೆ, ನೌಕಾಪಡೆಗಳು ತಮ್ಮ ಹಡಗುಗಳಿಗೆ ನಿಜಕ್ಕೂ ಬಳಿದ ಬಣ್ಣದ ಇತಿಹಾಸ, ಈ ಮೂರೂ ಆ ನಂಬಿಕೆಗೆ ವಿರುದ್ಧವಾಗಿ ಸಾಕ್ಷಿ ಹೇಳುತ್ತವೆ.

ಮೊದಲು ಕಣ್ಣಿನ ಲೆಕ್ಕ. ಈ ಲೆಕ್ಕ ಒಪ್ಪಿಸಿಕೊಳ್ಳಲು ಸಮುದ್ರ ತೀರಕ್ಕೆ ಹೋಗಬೇಕಿಲ್ಲ. ಹಾವೇರಿ ಜಿಲ್ಲೆಯ ಮಾಸೂರಿಗೆ ಸಮುದ್ರವಿಲ್ಲ; ಕುಮುದ್ವತಿಗೆ ಗುಡ್ಡಗಳ ನಡುವೆ ಅಡ್ಡಗಟ್ಟಿದ, ವಿಜಯನಗರ ಕಾಲದ ಮದಗದ ಕೆರೆ ಇದೆ. ಅಷ್ಟು ಸಾಕು. ಏಳುನೂರನೇ ಒಂದು ಅಳತೆಯ ಹಡಗನ್ನು ಕೈಯಲ್ಲಿ ಹಿಡಿದು 30 ಸೆಂಟಿಮೀಟರ್ ದೂರದಿಂದ ನೋಡುವುದೆಂದರೆ, ನಿಜವಾದ ಹಡಗನ್ನು 210 ಮೀಟರ್ ದೂರದಿಂದ ನೋಡಿದಂತೆ. ಮದಗದ ಕೆರೆಯ ದಂಡೆಯಲ್ಲಿ ಒಬ್ಬರನ್ನು ನಿಲ್ಲಿಸಿ ಸುಮಾರು 280 ಹೆಜ್ಜೆ ದೂರ ನಡೆದು ಹಿಂತಿರುಗಿ ನೋಡಿದರೆ ಆ ಅಂತರ ಸಿಗುತ್ತದೆ. ನಿಂತವರು ಹೆಣ್ಣೋ ಗಂಡೋ ಎಂಬುದು ಉಡುಪಿನಿಂದ ತಿಳಿಯುತ್ತದೆ. ಸೆರಗು ಕೆಂಪೋ ಹಸಿರೋ ಎಂಬುದೂ ತಿಳಿಯುತ್ತದೆ. ಸೆರಗಿನ ಮೇಲಿನ ಕಸೂತಿ ಹೊಲಿಗೆ ತಿಳಿಯುವುದಿಲ್ಲ. ಅಂಗಿಯ ಗುಂಡಿ ಕಾಣುವುದಿಲ್ಲ. ಪಕ್ಕದಲ್ಲಿ ಚಕ್ಕಡಿ ನಿಂತಿದ್ದರೆ ಗಾಲಿ ಕಾಣುತ್ತದೆ. ಗಾಲಿಯ ಕಬ್ಬಿಣದ ಪಟ್ಟಿ ಎಲ್ಲಿ ಕೂಡಿಕೊಂಡಿದೆ ಎಂಬುದನ್ನು ಯಾರೂ ಹೇಳಲಾರರು.

ಇದಕ್ಕೆ ಕಾರಣ ಎಲ್ಲರಿಗೂ ಗೊತ್ತಿರುವ ಒಂದು ಮಿತಿ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಕೋನದವರೆಗೆ ಎರಡು ಬಿಂದುಗಳನ್ನು ಬೇರೆಯಾಗಿ ಗುರುತಿಸಬಲ್ಲದು. 210 ಮೀಟರಿನಲ್ಲಿ ಅದು ಸುಮಾರು 6 ಸೆಂಟಿಮೀಟರ್. ಕೈಯಲ್ಲಿರುವ ಮಾದರಿಯ ಮೇಲೆ 0.09 ಮಿಲಿಮೀಟರ್. ಹಡಗಿನ ಒಡಲಿನಲ್ಲಿ ತಗಡಿನ ಮೇಲೆ ತಗಡು ಏರಿ ಕೂಡುವ ಕಡೆ ಇರುವ ಮೆಟ್ಟಿಲು ಒಂದೆರಡು ಸೆಂಟಿಮೀಟರ್ ಇದ್ದೀತು. ವೆಲ್ಡಿಂಗ್ ಮಾಡಿದ ಹಡಗಿನಲ್ಲಿ ಅದೂ ಇಲ್ಲ. ಹಾಗಿರುವಾಗ ಮಾದರಿಯ ಮೇಲೆ 0.2 ಮಿಲಿಮೀಟರ್ ಅಗಲದ ಕಪ್ಪು ಗೆರೆ ಎಳೆದವರು ನಿಜದ ಹಡಗಿನಲ್ಲಿ 14 ಸೆಂಟಿಮೀಟರ್ ಅಗಲದ ಕಂದಕ ತೋಡಿದಂತಾಯಿತು. ಅಷ್ಟು ಅಗಲದ ಸೀಳು ಬಿಟ್ಟ ಹಡಗು ಬಂದರಿನಲ್ಲೇ ಮುಳುಗುತ್ತದೆ.

ಇಲ್ಲೊಂದು ಆಕ್ಷೇಪವಿದೆ, ಅದು ನ್ಯಾಯವಾದದ್ದೇ. ದೂರದ ವಿದ್ಯುತ್ ತಂತಿ ಆರು ಸೆಂಟಿಮೀಟರಿಗಿಂತ ಎಷ್ಟೋ ತೆಳ್ಳಗಿದ್ದರೂ ಆಕಾಶದ ಎದುರು ಕಾಣುತ್ತದಲ್ಲ? ಕಾಣುತ್ತದೆ. ಉದ್ದನೆಯ ಗೆರೆಯನ್ನು ಹಿಡಿಯುವುದರಲ್ಲಿ ಕಣ್ಣು ಬಿಂದುವನ್ನು ಬಿಡಿಸುವುದಕ್ಕಿಂತ ಚುರುಕು. ಆದರೆ ಆ ತಂತಿ ಕಪ್ಪಾಗಿ ಕಾಣುವುದಿಲ್ಲ. ದೂರ ಹೆಚ್ಚಿದಂತೆ ಆಕಾಶದ ಬಣ್ಣದೊಳಗೆ ಕರಗುತ್ತ, ಹಿನ್ನೆಲೆಗಿಂತ ಒಂದು ಚೂರು ಮಬ್ಬಾದ ಎಳೆಯಾಗಿ ಉಳಿಯುತ್ತದೆ. ಮಾದರಿಕಾರ ಇದರಿಂದ ಕಲಿಯಬೇಕಾದ್ದು ಕಪ್ಪು ಗೆರೆ ಎಳೆಯುವುದನ್ನಲ್ಲ. ಗೆರೆ ಎಳೆಯಲೇಬೇಕೆಂದರೆ ಅದು ಒಡಲಿನದೇ ಬೂದು, ಅರ್ಧ ಪಾಲು ಗಾಢವಾಗಿದ್ದರೆ ಸಾಕು.

ಈ ಪದ್ಧತಿ ಎಲ್ಲಿಂದ ಬಂತೆಂದು ನೋಡಿದರೆ ತಪ್ಪಿನ ಬೇರು ಸಿಗುತ್ತದೆ. ವಾಶ್, ಡ್ರೈ ಬ್ರಶ್ ಎರಡನ್ನೂ ಕಳೆದ ಶತಮಾನದ ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಜಗತ್ತಿಗೆಲ್ಲ ಹರಡಿದವರಲ್ಲಿ ಬೆಲ್ಜಿಯಂನ ಫ್ರಾನ್ಸ್ವಾ ವರ್ಲಿಂಡನ್, ಅಮೆರಿಕದ ಶೆಪ್ ಪೇನ್ ಮುಖ್ಯರು. ಅವರು ಹೆಸರು ಮಾಡಿದ್ದು ಟ್ಯಾಂಕು, ಸೈನಿಕ, ಪಾಳುಬಿದ್ದ ಬೀದಿಗಳ ದೃಶ್ಯಗಳಿಂದ. ಮೂವತ್ತೈದನೇ ಒಂದು ಅಳತೆಯ ಟ್ಯಾಂಕನ್ನು ಅದೇ 30 ಸೆಂಟಿಮೀಟರಿನಿಂದ ನೋಡಿದರೆ ನಿಜದ ಟ್ಯಾಂಕಿನಿಂದ ಹತ್ತೂವರೆ ಮೀಟರ್ ದೂರ ನಿಂತಂತೆ. ಹತ್ತು ಮೀಟರಿನಿಂದ ಬೋಲ್ಟಿನ ತಲೆ ಕಾಣುತ್ತದೆ, ಮುಚ್ಚಳದ ಸುತ್ತ ಕೂತ ಧೂಳು ಕಾಣುತ್ತದೆ, ಬಣ್ಣ ಉದುರಿದ ಅಂಚೂ ಕಾಣುತ್ತದೆ. ಅಲ್ಲಿ ಬಳಿದ 0.2 ಮಿಲಿಮೀಟರ್ ಗೆರೆ 7 ಮಿಲಿಮೀಟರ್ ಸಂದಿಗೆ ಸಮ. ಉಕ್ಕಿನ ಮುಚ್ಚಳಕ್ಕೆ ಅಷ್ಟು ಸಂದಿ ಇರುವುದು ಸಹಜ. ಅದೇ ಕುಂಚ, ಅದೇ ದ್ರಾವಣ, ಅದೇ ಕೈಚಳಕವನ್ನು ಇಪ್ಪತ್ತು ಪಟ್ಟು ಕಿರಿದಾದ ವಸ್ತುವಿನ ಮೇಲೆ ತಂದರೆ ಗುರುವಿನ ಪಾಠವನ್ನು ಪಾಲಿಸಿದಂತೆ ಆಗುವುದಿಲ್ಲ. ವರ್ಲಿಂಡನ್ ಕಣ್ಣಿಗೆ ಕಂಡದ್ದನ್ನು ಬಳಿದರು. ಅವರನ್ನು ಅನುಸರಿಸುವವರು ಕಣ್ಣಿಗೆ ಕಾಣದ್ದನ್ನು ಬಳಿಯುತ್ತಿದ್ದಾರೆ.

ಏಳುನೂರನೇ ಒಂದು ಎಂಬ ಅಳತೆ ನೆಲೆಗೊಂಡದ್ದು 1971ರಲ್ಲಿ. ಜಪಾನಿನ ಶಿಜುವೋಕಾದ ಅವೋಶಿಮಾ, ಫುಜಿಮಿ, ಹಸೆಗಾವಾ, ತಮಿಯಾ ಕಂಪನಿಗಳು ಕೂಡಿ, ನೀರಿನ ಮಟ್ಟದಿಂದ ಮೇಲಿನ ಭಾಗವನ್ನಷ್ಟೇ ತೋರಿಸುವ ‘ವಾಟರ್‌ಲೈನ್’ ಮಾಲೆಯನ್ನು ಆರಂಭಿಸಿದವು. ಹಡಗುಗಳ ಇಡೀ ಪಡೆಯನ್ನು ಒಂದು ಕಪಾಟಿನಲ್ಲಿ ನಿಲ್ಲಿಸಬಹುದು ಎಂಬುದೇ ಆ ಅಳತೆಯ ಸೊಗಸು. 213 ಮೀಟರ್ ಉದ್ದವಿದ್ದ ಹಳೆಯ ಐಎನ್‌ಎಸ್ ವಿಕ್ರಾಂತ್ ಈ ಅಳತೆಯಲ್ಲಿ ಒಂದು ಅಡಿ ಆಗುತ್ತದೆ. ಕಾರವಾರದ ಠಾಗೋರ್ ಕಡಲತೀರದಲ್ಲಿ 2006ರಿಂದ ವಸ್ತುಸಂಗ್ರಹಾಲಯವಾಗಿ ನಿಂತಿರುವ ಕ್ಷಿಪಣಿ ದೋಣಿ ಐಎನ್‌ಎಸ್ ಚಪಲ್ ಐದೂವರೆ ಸೆಂಟಿಮೀಟರ್ ಮಾತ್ರ. ಅದರ ಮೇಲೆ ನಿಂತ ನಾವಿಕನ ಎತ್ತರ ಎರಡೂವರೆ ಮಿಲಿಮೀಟರಿಗೂ ಕಡಿಮೆ. ಇಷ್ಟು ಚಿಕ್ಕ ಮೈಮೇಲೆ ಅಸ್ತರಿ, ಮೂಲ ಬಣ್ಣ, ನೆರಳಿನ ಪದರ, ಬೆಳಕಿನ ಪದರ, ವಾರ್ನಿಶ್ ಎಲ್ಲ ಸೇರಿ ಹತ್ತನೇ ಒಂದು ಮಿಲಿಮೀಟರ್ ದಪ್ಪವಾಯಿತೆಂದರೆ, ನಿಜದ ಚಪಲ್‌ಗೆ 7 ಸೆಂಟಿಮೀಟರ್ ಗಾರೆ ಮೆತ್ತಿದ ಹಾಗೆ. ಏಣಿಯ ಮೆಟ್ಟಿಲು, ಬಾಗಿಲ ಚೌಕಟ್ಟು, ಕಟಕಟೆ ಎಲ್ಲವೂ ಆ ಗಾರೆಯ ಕೆಳಗೆ ಹೂತುಹೋಗುತ್ತವೆ. ವಿವರವನ್ನು ಎತ್ತಿ ತೋರಿಸಲೆಂದು ಬಳಿದ ಪದರಗಳೇ ವಿವರವನ್ನು ನುಂಗುತ್ತವೆ.

ತಗಡಿನ ನಡುಭಾಗವನ್ನು ತಿಳಿಯಾಗಿಸಿ ಅಂಚನ್ನು ಕಪ್ಪಾಗಿಸುವ ಪದ್ಧತಿಯ ಫಲಿತಾಂಶವಂತೂ ಕಣ್ಣಿಗೆ ಕುಕ್ಕುತ್ತದೆ. ಹಡಗಿನ ಒಡಲು ಚೂರು ಚೂರು ಬಟ್ಟೆ ಸೇರಿಸಿ ಹೊಲಿದ ಕೌದಿಯಾಗುತ್ತದೆ. ಅದನ್ನು ಸಮರ್ಥಿಸುವವರು ಒಂದು ನಿಜವನ್ನು ಮುಂದಿಡುತ್ತಾರೆ: ತೆಳು ತಗಡಿನ ಯುದ್ಧನೌಕೆಗಳಲ್ಲಿ ಅಲೆಗಳ ಹೊಡೆತಕ್ಕೆ ತಗಡು ಒಳಗಿನ ಪಕ್ಕೆಗಳ ನಡುವೆ ತಗ್ಗಾಗಿ, ಹಸಿದ ಕುದುರೆಯ ಎಲುಬಿನಂತೆ ಗೆರೆಗಳು ಮೂಡುತ್ತವೆ. ಮೂಡುವುದು ಹೌದು. ಆದರೆ ಅವು ಸೂರ್ಯ ವಾಲಿದಾಗ, ಬೆಳಕು ಒಡಲನ್ನು ಸವರಿಕೊಂಡು ಹೋಗುವಾಗ ಕಾಣುವಂಥವು; ನಡುಹಗಲಿನಲ್ಲೋ ಮೋಡದಲ್ಲೋ ಅಡಗಿಹೋಗುತ್ತವೆ. ಮತ್ತು ಅವು ಪಕ್ಕೆಗಳ ಸಾಲಿನಂತೆ ನೆಟ್ಟಗೆ, ಒತ್ತೊತ್ತಾಗಿ ಇರುತ್ತವೆ. ಪ್ರತಿ ತಗಡಿಗೂ ನಾಲ್ಕು ಕಡೆ ಕಪ್ಪು ಅಂಚು ಕಟ್ಟುವ ವಿದ್ಯೆಗೆ ಅವು ಆಧಾರವಾಗಲಾರವು.

ಇನ್ನು ಬೆಳಕಿನ ವಿಚಾರ. ಈ ವಾದದ ತಿರುಳು ಇಲ್ಲಿದೆ.

ನೆರಳಿಗೆ ಅಳತೆಯ ಹಂಗಿಲ್ಲ. ನಿಜದ ಹಡಗನ್ನು ನಡೆಸುವ ‘ಬ್ರಿಜ್’ ಕೋಣೆಯ ರೆಕ್ಕೆ ಎರಡು ಮೀಟರ್ ಹೊರಚಾಚಿದ್ದರೆ ಅದರ ಕೆಳಗೆ ಎಷ್ಟು ಭಾಗ ನೆರಳು ಬೀಳುತ್ತದೋ, ಮೂರು ಮಿಲಿಮೀಟರ್ ಹೊರಚಾಚಿದ ಮಾದರಿಯ ರೆಕ್ಕೆಯ ಕೆಳಗೂ ಅಷ್ಟೇ ಭಾಗ ಬೀಳುತ್ತದೆ. ಕೋನ ಒಂದೇ ಆದರೆ ನೆರಳೂ ಒಂದೇ. ಅದನ್ನು ಕೊಡಲು ಕಿಟಕಿಯಿದೆ, ದೀಪವಿದೆ. ಕೊಟ್ಟದ್ದರ ಮೇಲೆ ಮತ್ತೊಮ್ಮೆ ಬಣ್ಣದ ನೆರಳು ಬಳಿದರೆ ಎರಡು ನೆರಳುಗಳು ಜಗಳಕ್ಕೆ ನಿಲ್ಲುತ್ತವೆ. ಎಡಗಡೆಯ ಕಿಟಕಿಯಿಂದ ಬಿಸಿಲು ಬಿದ್ದಾಗ ನಿಜದ ನೆರಳು ಬಲಕ್ಕೆ ಸರಿಯುತ್ತದೆ. ಬಳಿದ ನೆರಳು ಇದ್ದಲ್ಲೇ ಇರುತ್ತದೆ. ಮಾದರಿಯನ್ನು ತಿರುಗಿಸಿದ ಕ್ಷಣದಲ್ಲಿ ಸುಳ್ಳು ಹೊರಬೀಳುತ್ತದೆ. ಚಿತ್ರಪಟದಲ್ಲಿ ಈ ತೊಂದರೆ ಇಲ್ಲ, ಏಕೆಂದರೆ ಪಟ ಚಪ್ಪಟೆ. ಅಲ್ಲಿ ಕಲಾವಿದ ನೆರಳು ಬಳಿಯದಿದ್ದರೆ ಉಬ್ಬು ತಗ್ಗು ಕಾಣುವುದೇ ಇಲ್ಲ. ಮಾದರಿಗೆ ಉಬ್ಬು ತಗ್ಗು ಹುಟ್ಟಿನಿಂದಲೇ ಇದೆ.

ಹಾನಗಲ್ಲಿನ ತಾರಕೇಶ್ವರ ದೇವಾಲಯದ ಒಳಮಾಳಿಗೆಯಲ್ಲಿ ಕಲ್ಲಿನ ದೊಡ್ಡ ಕಮಲವಿದೆ. ದಳದಿಂದ ದಳವನ್ನು ಬಿಡಿಸಿ ತೋರಿಸುವುದು ಅಲ್ಲಿ ಬಣ್ಣವಲ್ಲ, ಕೊರೆತದ ಆಳ. ಕೆಳಗೆ ನಿಂತು ನೋಡುವವರಿಗೆ ಬೆಳಗಿನ ಕಮಲ ಬೇರೆ, ಸಂಜೆಯ ಕಮಲ ಬೇರೆ. ಕದಂಬರ ಕಾಲದ ನೌಕಾಯುದ್ಧದ ವೀರಗಲ್ಲು ಹಳೆಯ ಗೋವಾದ ವಸ್ತುಸಂಗ್ರಹಾಲಯದಲ್ಲಿದೆ. ಅದೂ ಕಿರಿದಾಗಿಸಿದ ಹಡಗೇ. ಅದಕ್ಕೂ ಬೆಳಕೇ ಆಸರೆ.

ಮನೆಯ ದೀಪ ಬಿಸಿಲಿನಷ್ಟು ಪ್ರಖರವಲ್ಲ ಎಂಬುದು ಬಳಿದ ನೆರಳಿನ ಪರವಾದವರ ಕೊನೆಯ ಅಸ್ತ್ರ. ಮಾತು ಸರಿ. ನಡುಹಗಲಿನ ಬಯಲಿನಲ್ಲಿ ಬೆಳಕು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ಕೋಣೆಯ ಟ್ಯೂಬ್‌ಲೈಟಿನ ಕೆಳಗೆ ಕೆಲವು ನೂರು ಮಾತ್ರ. ಮಂದ ಬೆಳಕಿನಲ್ಲಿ ಬಣ್ಣ ಮಂಕಾಗಿ, ಇದ್ದದ್ದಕ್ಕಿಂತ ಗಾಢವಾಗಿ ಕಾಣುತ್ತದೆ. ಅದಕ್ಕೆ ಪರಿಹಾರ ಮೂಲ ಬಣ್ಣವನ್ನು ಕೊಂಚ ತಿಳಿಯಾಗಿಸುವುದು. ಇದರ ಮೇಲೆ ಕಪ್ಪು, ಕಂದು ಸುರಿದರೆ ಇದ್ದ ಮಂಕು ಇಮ್ಮಡಿಸುತ್ತದೆ, ಅಷ್ಟೇ.

ಈಗ ನೌಕಾಪಡೆಗಳ ಸಾಕ್ಷಿ. ಇದು ಎಲ್ಲಕ್ಕಿಂತ ಬಲವಾದದ್ದು, ಮತ್ತು ಇದರ ಮೊದಲ ಪಾಠ ಹಾವೇರಿ ಜಿಲ್ಲೆಯ ಹುಲ್ಲುಗಾವಲಿನಲ್ಲೇ ಸಿಗುತ್ತದೆ. 1974ರಲ್ಲಿ ಘೋಷಣೆಯಾದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದಲ್ಲಿ ಹೆಣ್ಣು ಜಿಂಕೆಯನ್ನು ಗಮನಿಸಬೇಕು. ಬೆನ್ನು ಕಂದು, ಹೊಟ್ಟೆ ಬಿಳಿ. ಬಿಸಿಲು ಮೇಲಿನಿಂದ ಬಿದ್ದು ಬೆನ್ನನ್ನು ಬೆಳಗಿಸುತ್ತದೆ, ಹೊಟ್ಟೆಯ ಕಡೆ ನೆರಳಾಗುತ್ತದೆ. ಕಂದು ಬೆನ್ನು ಬೆಳಕನ್ನು ತಗ್ಗಿಸಿ ಬಿಳಿ ಹೊಟ್ಟೆ ನೆರಳನ್ನು ಅಳಿಸಿದಾಗ ಇಡೀ ಮೈ ಒಂದೇ ಛಾಯೆಗೆ ಬಂದು ಹುಲ್ಲಿನೊಳಗೆ ಸೇರಿಹೋಗುತ್ತದೆ. ಪ್ರಾಣಿಗಳ ಈ ನಿಯಮವನ್ನು ಅಮೆರಿಕದ ಚಿತ್ರಕಲಾವಿದ ಅಬಟ್ ಥೇಯರ್ 1896ರಲ್ಲಿ ಬರೆದು ಪ್ರಕಟಿಸಿದ. 1902ರಲ್ಲಿ ಗೆರೋಮ್ ಬ್ರಶ್ ಎಂಬಾತನ ಜೊತೆ ಸೇರಿ, ಇದೇ ನಿಯಮದಿಂದ ಹಡಗನ್ನು ಮರೆಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಬೆಳಕು ಬೀಳುವಲ್ಲಿ ಗಾಢ, ನೆರಳು ಬೀಳುವಲ್ಲಿ ಬಿಳಿ.

ಎರಡನೇ ಮಹಾಯುದ್ಧದ ಹೊತ್ತಿಗೆ ಇದು ಕಲಾವಿದನೊಬ್ಬನ ಕಲ್ಪನೆಯಾಗಿ ಉಳಿದಿರಲಿಲ್ಲ. ಅಮೆರಿಕದ ನೌಕಾಪಡೆಯ ‘ಶಿಪ್ಸ್-2’ ಎಂಬ ಬಣ್ಣದ ಕೈಪಿಡಿ, ಹೊರಚಾಚಿದ ಡೆಕ್ಕುಗಳ ತಳಭಾಗಕ್ಕೆ, ಸದಾ ನೆರಳಿನಲ್ಲಿರುವ ಮೈಗಳಿಗೆ ಬಿಳಿ ಬಳಿಯಬೇಕೆಂದು ಸೂಚಿಸಿತು. ನೆರಳೇ ಹಡಗಿನ ಗುರುತನ್ನು ವೈರಿಗೆ ಬಿಟ್ಟುಕೊಡುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ನಾವಿಕರು ಹಗ್ಗಕ್ಕೆ ಜೋತುಬಿದ್ದು, ತಲೆಯೆತ್ತಿ, ಆ ತಳಭಾಗಗಳಿಗೆ ಬಿಳಿ ಬಳಿದರು. ಅದೇ ಹಡಗಿನ ಮಾದರಿ ಕಟ್ಟಿದ ಹವ್ಯಾಸಿ ಇಂದು ಅದೇ ತಳಭಾಗಕ್ಕೆ ಹುಡುಕಿ ಹುಡುಕಿ ಕಪ್ಪು ಹರಿಸುತ್ತಾನೆ. ‘ನೆರಳು ಚೆನ್ನಾಗಿ ಕೂತಿದೆ’ ಎಂದು ಮೆಚ್ಚುಗೆ ಪಡೆಯುತ್ತಾನೆ. ಇತಿಹಾಸಕ್ಕೆ ಇದಕ್ಕಿಂತ ನೇರವಾದ ಅನ್ಯಾಯ ಬೇರೊಂದಿಲ್ಲ. ಆ ಬಿಳಿ ಬಣ್ಣದ ಹಿಂದೆ ಜಲಾಂತರ್ಗಾಮಿಯ ಕಣ್ಣಿಗೆ ಬೀಳದೆ ಬದುಕಿ ಮನೆಗೆ ಮರಳಬೇಕೆಂಬ ಸಾವಿರಾರು ಜನರ ಆಸೆಯಿತ್ತು.

ಕಿರುಹಡಗಿಗೆ ಬಣ್ಣ ಬಳಿಯುವ ಕೆಲಸ ಹವ್ಯಾಸವಾಗುವ ಮೊದಲು ಯುದ್ಧದ ಕೆಲಸವಾಗಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು. 1917ರಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಬ್ರಿಟನ್ನಿನ ಸರಕು ಹಡಗುಗಳನ್ನು ಸಾಲುಸಾಲಾಗಿ ಮುಳುಗಿಸುತ್ತಿದ್ದಾಗ, ನಾರ್ಮನ್ ವಿಲ್ಕಿನ್ಸನ್ ಎಂಬ ಕಲಾವಿದ ‘ಡ್ಯಾಜಲ್’ ಎಂಬ ಉಪಾಯ ಹೂಡಿದರು. ಹಡಗನ್ನು ಅಡಗಿಸುವುದು ಅಸಾಧ್ಯ. ಅದು ಯಾವ ದಿಕ್ಕಿಗೆ, ಯಾವ ವೇಗದಲ್ಲಿ ಸಾಗುತ್ತಿದೆ ಎಂಬುದನ್ನಾದರೂ ಗೊಂದಲಗೊಳಿಸಬಹುದು ಎಂಬುದು ಅವರ ಲೆಕ್ಕ. ಲಂಡನ್ನಿನ ರಾಯಲ್ ಅಕಾಡೆಮಿಯ ಕೋಣೆಗಳಲ್ಲಿ ಕಲಾವಿದೆಯರ ತಂಡ ಮರದ ಕಿರುಹಡಗುಗಳಿಗೆ ಕಪ್ಪು, ಬಿಳಿ, ನೀಲಿ ಪಟ್ಟೆಗಳನ್ನು ಬಳಿಯಿತು. ಮಾದರಿಯನ್ನು ತಿರುಗುವ ಮೇಜಿನ ಮೇಲಿಟ್ಟು, ಆಕಾಶದ ಪರದೆಯನ್ನು ಹಿಂದೆ ಕಟ್ಟಿ, ಪೆರಿಸ್ಕೋಪಿನಲ್ಲಿ ಇಣುಕಿ ದಿಕ್ಕು ಅಂದಾಜಿಸಿ ನೋಡುತ್ತಿದ್ದರು. ಪರೀಕ್ಷೆಯಲ್ಲಿ ಗೆದ್ದ ವಿನ್ಯಾಸ ನಿಜದ ಹಡಗಿಗೆ ಹೋಗುತ್ತಿತ್ತು. ಯುದ್ಧ ಮುಗಿಯುವ ಮೊದಲೇ ಎರಡು ಸಾವಿರಕ್ಕೂ ಹೆಚ್ಚು ಬ್ರಿಟಿಷ್ ಹಡಗುಗಳು ಆ ಪಟ್ಟೆಗಳನ್ನು ಹೊತ್ತು ಸಾಗಿದವು. ಆ ಮಾದರಿಗಳಲ್ಲಿ ನೂರಾರು ಇಂದಿಗೂ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿವೆ. ಅವುಗಳ ಬಣ್ಣ ಚಪ್ಪಟೆ. ಪಟ್ಟೆಯಿಂದ ಪಟ್ಟೆಗೆ ಕತ್ತರಿಸಿದಂತೆ ಅಂಚು. ಸಂದಿಯ ಕಪ್ಪಿಲ್ಲ, ತುಕ್ಕಿನ ಗೆರೆಯಿಲ್ಲ. ಮಾದರಿಯ ಬಣ್ಣದ ಮೇಲೆ ಮನುಷ್ಯರ ಪ್ರಾಣ ನಿಂತಿದ್ದ ಕಾಲದಲ್ಲಿ, ಕಲೆ ಬಲ್ಲವರೇ ಬಳಿದ ಮಾದರಿಗಳು ಹೀಗಿದ್ದವು.

‘ಆಟಿಕೆಯಂತೆ ಕಾಣುತ್ತದೆ’ ಎಂಬ ಬೈಗುಳಕ್ಕೆ ಕನ್ನಡನಾಡಿನವರು ವಿಶೇಷವಾಗಿ ಉತ್ತರ ಕೊಡಬೇಕು. ಕಿರಿದಾದ ವಸ್ತುವಿಗೆ ಬಣ್ಣ ಹಾಕುವುದನ್ನು ಈ ನಾಡು ಹೊರಗಿನಿಂದ ಕಲಿಯಬೇಕಿಲ್ಲ. ಚನ್ನಪಟ್ಟಣದ ಕುಶಲಕರ್ಮಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾನೆ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಗರಿಯಿಂದ ತಿಕ್ಕಿದರೆ ಹೊಳಪು ಬರುತ್ತದೆ. ಗೊಂಬೆಯ ತಲೆ ಗುಂಡಗಿದೆ ಎಂದು ತೋರಿಸಲು ಅವನು ಒಂದು ಬದಿಗೆ ಕಪ್ಪು ಬಳಿಯುವುದಿಲ್ಲ. ಗುಂಡಗಿನ ಮೇಲೆ ಕಿಟಕಿಯ ಬೆಳಕು ಬಿದ್ದು ಅದೇ ಹೇಳುತ್ತದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆಗೆ ಹುಣಸೆಬೀಜದ ಅಂಟು, ಮರದ ಹೊಟ್ಟು, ಕಲ್ಲಿನ ಪುಡಿ ಸೇರಿಸಿ ಮೈ ಕೂರಿಸಿ, ಆಮೇಲೆ ಬಣ್ಣ ಹಚ್ಚುತ್ತಾರೆ. ತವರವನ್ನು ಅರೆದು ಅಂಟಿನೊಡನೆ ಬೆರೆಸಿ ಬಳಿದು ಕಲ್ಲಿನಿಂದ ಉಜ್ಜಿ ಹೊಳಪಿಸುವ ಲಾಜವಾರ ಅವರ ಹೆಗ್ಗಳಿಕೆ. ಆ ಗೊಂಬೆಗಳ ಶಕ್ತಿ ತುಂಬು ಬಣ್ಣ ಮತ್ತು ಖಚಿತ ರೇಖೆಯಲ್ಲಿದೆ.

ಗೋಕಾಕದ ಮರದ ಹಣ್ಣುಗಳನ್ನು ಯಾರಾದರೂ ಎದುರಿಗೆ ಹಿಡಿಯಬಹುದು. ಅಲ್ಲಿ ಮಾವಿನ ಹಣ್ಣಿನ ಹಳದಿ ಮೆಲ್ಲಗೆ ಕೆಂಪಿಗೆ ತಿರುಗುತ್ತದಲ್ಲ, ಅದು ಶೇಡಿಂಗ್ ಅಲ್ಲವೇ? ಅಲ್ಲ. ಅದು ಮಾವಿನ ಬಣ್ಣ. ಹಣ್ಣನ್ನು ಯಾವ ಬೆಳಕಿಗೆ ಹಿಡಿದರೂ ಆ ಕೆಂಪು ಅಲ್ಲೇ ಇರುತ್ತದೆ. ವಸ್ತುವಿಗೆ ಸೇರಿದ ಬಣ್ಣ ಬೇರೆ, ಬೆಳಕು ತರುವ ನೆರಳು ಬೇರೆ. ಮೊದಲನೆಯದನ್ನು ಎಷ್ಟು ಸೂಕ್ಷ್ಮವಾಗಿ ಬಳಿದರೂ ಸಲ್ಲುತ್ತದೆ. ಗೋಕಾಕದ ಕೈಗಳಿಗೆ ಈ ವ್ಯತ್ಯಾಸ ಗೊತ್ತಿದೆ, ದುಬಾರಿ ಏರ್‌ಬ್ರಶ್ ಹಿಡಿದ ಅನೇಕ ಕೈಗಳಿಗೆ ಗೊತ್ತಿಲ್ಲ.

ತುಕ್ಕಿನ ಪ್ರಶ್ನೆಯನ್ನೂ ಇದೇ ಒರೆಗೆ ಹಚ್ಚಬೇಕು. ತುಕ್ಕು ನೆರಳಲ್ಲ, ವಸ್ತುವಿನದೇ ಬಣ್ಣ. ಆದ್ದರಿಂದ ಇದ್ದಲ್ಲಿ ಬಳಿಯುವುದು ನ್ಯಾಯ. ಲಂಗರಿನ ಸರಪಳಿ ಇಳಿಯುವ ತೂತಿನ ಕೆಳಗೆ, ಡೆಕ್ಕಿನ ನೀರು ಹೊರಬೀಳುವ ಬಾಯಿಗಳ ಕೆಳಗೆ, ನೀರಿನ ಮಟ್ಟದ ಅಂಚಿನಲ್ಲಿ ತುಕ್ಕು ಇಳಿಯುತ್ತದೆ. ತಿಂಗಳುಗಟ್ಟಲೆ ಸಮುದ್ರದಲ್ಲಿದ್ದ ಹಡಗಿನ ಮೇಲೆ ಅದು ಹೆಚ್ಚು, ಹಳೆಯ ಸರಕು ಹಡಗಿನ ಮೇಲೆ ಇನ್ನೂ ಹೆಚ್ಚು. ಆದರೆ ಶಿಸ್ತಿನ ನೌಕಾಪಡೆಯಲ್ಲಿ ತುಕ್ಕು ಕೆರೆದು ಬಣ್ಣ ಹಚ್ಚುವುದು ನಾವಿಕನ ನಿತ್ಯದ ದುಡಿಮೆ. ಮಾದರಿಯ ಮೇಲೆ 0.3 ಮಿಲಿಮೀಟರಿನ ಕಿತ್ತಳೆ ಗೆರೆ ಎಳೆದರೆ ನಿಜದಲ್ಲಿ 21 ಸೆಂಟಿಮೀಟರ್ ಅಗಲ. ಅಂಥ ಗೆರೆಗಳು ಒಡಲಿನುದ್ದಕ್ಕೂ ಹತ್ತಿಪ್ಪತ್ತು ಇದ್ದರೆ, ಆ ಹಡಗಿನ ಸಿಬ್ಬಂದಿ ಕೆಲಸ ಮಾಡುವುದನ್ನೇ ಬಿಟ್ಟಿದ್ದಾರೆಂದು ಅರ್ಥ. ಸೇವೆಯಲ್ಲಿದ್ದ ಹಡಗಿನ ಮೇಲೆ, ಅದರ ಜನರ ಮೇಲೆ, ಇಂಥ ಆರೋಪವನ್ನು ಒಂದು ಛಾಯಾಚಿತ್ರದ ಆಧಾರವೂ ಇಲ್ಲದೆ ಬಳಿಯುವುದು ತಪ್ಪು.

ಇಷ್ಟೆಲ್ಲ ವಿರುದ್ಧ ಸಾಕ್ಷಿಯಿದ್ದರೂ ಈ ಪದ್ಧತಿ ಏಕೆ ಗೆದ್ದಿದೆ? ಕ್ಯಾಮೆರಾದಿಂದ. ಇಂದು ಮಾದರಿಗಳನ್ನು ಎದುರು ಕೂತು ನೋಡುವವರಿಗಿಂತ ಫೋನಿನ ಪರದೆಯಲ್ಲಿ ನೋಡುವವರು ಹೆಚ್ಚು. ಐದು ಸೆಂಟಿಮೀಟರಿನಿಂದ ತೆಗೆದ ಚಿತ್ರವೆಂದರೆ ಹಡಗಿನಿಂದ 35 ಮೀಟರ್ ದೂರ. ಅದರಲ್ಲೂ ಬೆರಳಿನಿಂದ ಹಿಗ್ಗಿಸಿ ನೋಡುತ್ತಾರೆ. ಆಗ ಚಪ್ಪಟೆ ಬೂದು ಬರಿದಾಗಿ ಕಾಣುತ್ತದೆ, ಕಪ್ಪು ಗೆರೆ ತುಂಬಿದ ಮಾದರಿ ಗಮನ ಸೆಳೆಯುತ್ತದೆ. ಹಿಗ್ಗಿಸಿದ ಪರದೆಗೆಂದು ಬಳಿದ ಬಣ್ಣ ಕಪಾಟಿನ ಮೇಲೆ ಮಸಿಯಾಗಿ ಕೂರುತ್ತದೆ. ಸ್ಪರ್ಧೆಗಳಲ್ಲಿ ಭೂತಗನ್ನಡಿ ಹಿಡಿದು ನೋಡುವ ತೀರ್ಪುಗಾರರೂ ಇದಕ್ಕೆ ಕಾರಣ. ಹೆಚ್ಚು ಪದರ ಕಂಡರೆ ಹೆಚ್ಚು ಶ್ರಮ, ಹೆಚ್ಚು ಶ್ರಮ ಕಂಡರೆ ಹೆಚ್ಚು ಅಂಕ. ಆದರೆ ಚಪ್ಪಟೆ ಬಣ್ಣವನ್ನು ಕಲೆಯಿಲ್ಲದೆ, ಧೂಳು ಕೂರದೆ, ತೆಳ್ಳಗೆ, ವಿವರ ಹೂಳದಂತೆ ಬಳಿಯುವುದು ಹೆಚ್ಚಿನ ಶ್ರಮದ ಕೆಲಸ. ವಾಶ್ ಬಳಿದವನ ತಪ್ಪನ್ನು ವಾಶ್ ಮುಚ್ಚುತ್ತದೆ. ಚಪ್ಪಟೆ ಬಣ್ಣ ಯಾವ ತಪ್ಪನ್ನೂ ಮುಚ್ಚುವುದಿಲ್ಲ.

ಕಲಾವಿದನ ಸ್ವಾತಂತ್ರ್ಯದ ಮಾತು ಬಂದರೆ ಅದಕ್ಕೆ ಅಡ್ಡಿಯಿಲ್ಲ. ಹಡಗನ್ನು ಆಧಾರ ಮಾಡಿಕೊಂಡು ಕತ್ತಲು ಬೆಳಕಿನ ಒಂದು ಕಲಾಕೃತಿ ಮಾಡುತ್ತೇನೆ ಎಂದವರು ಮಾಡಲಿ. ‘ಇದೇ ನಿಜದ ಹಡಗು, ಹೀಗೆ ಮಾಡದಿದ್ದರೆ ಸುಳ್ಳು’ ಎಂದು ಹೊಸಬರಿಗೆ ಬೋಧಿಸುವುದನ್ನು ಮಾತ್ರ ಒಪ್ಪಲಾಗದು.

ಹಾಗಾದರೆ ಬಳಿಯುವುದು ಹೇಗೆ? ಕನ್ನಡಿಗರಿಗೆ ಹತ್ತಿರದ ಒಂದು ಹಡಗನ್ನೇ ತೆಗೆದುಕೊಳ್ಳಬಹುದು. ಬ್ರಿಟನ್ನಿನಲ್ಲಿ ಎಚ್‌ಎಂಎಸ್ ನೈಜೀರಿಯಾ ಆಗಿ ಎರಡನೇ ಮಹಾಯುದ್ಧ ಕಂಡ ಕ್ರೂಸರ್ 1957ರ ಆಗಸ್ಟ್ 29ರಂದು ಐಎನ್‌ಎಸ್ ಮೈಸೂರು ಆಗಿ ಭಾರತದ ಸೇವೆಗೆ ಸೇರಿತು. ಲಾಂಛನದಲ್ಲಿ ಗಂಡಭೇರುಂಡ. 1961ರ ಡಿಸೆಂಬರ್ 18ರಂದು, ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ, ಕಾರವಾರದ ಎದುರಿನ ಅಂಜದೀವ ದ್ವೀಪಕ್ಕೆ ನಾವಿಕರು ಇಳಿದಾಗ ಬೆಂಬಲಕ್ಕೆ ನಿಂತ ಹಡಗುಗಳಲ್ಲಿ ಇದೂ ಒಂದು. ಆ ದಿನ ಏಳು ಭಾರತೀಯ ನಾವಿಕರು ಪ್ರಾಣ ಕೊಟ್ಟರು. 169 ಮೀಟರಿನ ಆ ಹಡಗು ಏಳುನೂರನೇ ಒಂದು ಅಳತೆಯಲ್ಲಿ 24 ಸೆಂಟಿಮೀಟರ್.

ಒಂದೇ ತೆಳು ಅಸ್ತರಿ ಸಾಕು. ಅದರ ಮೇಲೆ ನೌಕಾಪಡೆಯ ಪರಿಚಿತ ತಿಳಿ ಬೂದು, ಕೋಣೆಯ ಬೆಳಕಿಗಾಗಿ ಕೊಂಚ ಬಿಳಿ ಬೆರೆಸಿ. ಡೆಕ್ಕು ಒಡಲಿಗಿಂತ ಬೇರೆ ವಸ್ತು, ಬೇರೆ ಬಳಕೆ. ಅದಕ್ಕೆ ಬೇರೆ ಛಾಯೆ. ದೋಣಿಗಳ ಮೇಲಿನ ಕ್ಯಾನ್ವಾಸ್ ಹೊದಿಕೆಗೆ ಇನ್ನೊಂದು. ಹೊಗೆ ಹತ್ತುವ ಚಿಮಣಿಯ ಬಾಯಿ ನಿಜಕ್ಕೂ ಕಪ್ಪು, ಬಳಿಯಬಹುದು. ಒಡಲಿನ ದುಂಡು ಕಿಟಕಿಗಳೂ ಹೊರಗಿನಿಂದ ಕಪ್ಪಾಗಿಯೇ ಕಾಣುತ್ತವೆ; ಅರ್ಧ ಮಿಲಿಮೀಟರಿನ ಚುಕ್ಕೆ ಇಡಬಹುದು. ಇವೆಲ್ಲ ವಸ್ತುವಿನ ಬಣ್ಣಗಳು. ಕೊನೆಗೆ ಹೊಳಪು ಪೂರ್ತಿ ಅಳಿಯುವ ಮ್ಯಾಟ್ ವಾರ್ನಿಶ್ ಒಂದು ಪದರ, ಏಕೆಂದರೆ ಹೊಳೆಯುವ ಮೈ ಮೇಲೆ ಟ್ಯೂಬ್‌ಲೈಟಿನ ಪ್ರತಿಬಿಂಬ ಬಿದ್ದರೆ ಅಳತೆಯ ಭ್ರಮೆ ಒಡೆಯುತ್ತದೆ. ಅಲ್ಲಿಗೆ ಕುಂಚ ತೊಳೆದಿಡಬೇಕು. ಉಳಿದದ್ದನ್ನು ಪೂರ್ವದ ಕಿಟಕಿಗೆ ಬಿಡಬಹುದು. ತೋಪುಗಳ ನೆರಳು ಡೆಕ್ಕಿನ ಮೇಲೆ ಹರಿದು ಮಧ್ಯಾಹ್ನಕ್ಕೆ ಕುಗ್ಗಿದಾಗ, ನೋಡುವವರಿಗೆ ಹಡಗು ಯಾವ ಹೊತ್ತಿನಲ್ಲಿ ನಿಂತಿದೆ ಎಂಬುದೂ ತಿಳಿಯುತ್ತದೆ.

ಕಲಿಸುವವರಲ್ಲಿ ಒಂದು ಕೋರಿಕೆ. ಹೊಸಬರ ಕೈಗೆ ಕಪ್ಪು ವಾಶಿನ ಬಾಟಲಿ ಕೊಡುವ ಮೊದಲು ಆ ಹಡಗಿನ ನಿಜದ ಛಾಯಾಚಿತ್ರಗಳನ್ನು ಕೊಡಿ. 200 ಮೀಟರಿನಿಂದ ತೆಗೆದದ್ದನ್ನು ಹುಡುಕಿ ಕೊಡಿ. ತೀರ್ಪುಗಾರರು ಭೂತಗನ್ನಡಿಯನ್ನು ಪಕ್ಕಕ್ಕಿಟ್ಟು, ಮಾದರಿಯನ್ನು ಕಿಟಕಿಯ ಬಳಿ ಒಯ್ದು, 30 ಸೆಂಟಿಮೀಟರ್ ದೂರ ಹಿಡಿದು, ಒಂದು ಸುತ್ತು ತಿರುಗಿಸಿ ನೋಡಬೇಕು. ಹಾಗೆ ನೋಡುವಾಗ ಬೆಳಕಿನ ಜೊತೆ ಸರಿಯದ ನೆರಳು ಒಂದಾದರೂ ಕಂಡರೆ ಅಂಕ ಕಳೆಯಬೇಕು.